ರಾಯಚೂರು ಕೋಟೆಯ ಸಂಜೆ ಸವಾರಿ: ಆಟೋ ಹಿಡಿದು, ಗೈಡ್ ಜೊತೆ ಊರು ನೋಡುವ ಬಗೆ

ರಾಯಚೂರಿಗೆ ಹೊರಗಿನಿಂದ ಬರುವವರಲ್ಲಿ ತುಂಬಾ ಜನ ಮಂತ್ರಾಲಯಕ್ಕೆ ಹೊರಟವರು. ಬಸ್ ಬದಲಿಸುವ ಹೊತ್ತಿನಲ್ಲಿ ದೊಡ್ಡ ಕಲ್ಲಿನ ಗೋಡೆಯೊಂದು ಕಣ್ಣಿಗೆ ಬೀಳುತ್ತದೆ. ಒಂದು ಚಹಾ ಕುಡಿದು ಮುಂದಿನ ಬಸ್ ಹತ್ತುತ್ತಾರೆ. ಆ ಗೋಡೆಗೆ ಏಳು ನೂರು ವರ್ಷ ದಾಟಿದೆ, ಅದರಲ್ಲಿ ಒಂದೇ ಕಲ್ಲು 41 ಅಡಿ ಉದ್ದ ಇದೆ ಅಂತ ಅವರಿಗೆ ಹೇಳುವವರು ಯಾರೂ ಇರುವುದಿಲ್ಲ.

ಹೇಳುವವರು ಜೊತೆಗಿದ್ದರೆ ಇದೇ ಊರು ಬೇರೆಯಾಗಿ ಕಾಣುತ್ತದೆ. ಕಾಕತೀಯರು, ಬಹಮನಿಗಳು, ವಿಜಯನಗರದವರು, ಬಿಜಾಪುರದ ಆದಿಲ್‌ಶಾಹಿಗಳು, ಆಮೇಲೆ ನಿಜಾಮರು. ಇಷ್ಟು ಜನ ಆಳಿ ಹೋದ ಗುರುತು ಇಷ್ಟು ಚಿಕ್ಕ ಸುತ್ತಿನಲ್ಲಿ ಸಿಗುವ ಊರುಗಳು ನಮ್ಮಲ್ಲಿ ಕಡಿಮೆ. ಒಂದು ಆಟೋ, ಊರು ಗೊತ್ತಿರುವ ಒಬ್ಬ ಗೈಡ್, ಮೂರು ಮೂರೂವರೆ ತಾಸು ಇದ್ದರೆ ಸಾಕು. ಆದರೆ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ಅನ್ನುವುದು ಮುಖ್ಯ. ಇಲ್ಲಿ ಬೆಳಕನ್ನು ನೋಡಿಕೊಂಡು ಓಡಾಡಬೇಕು. ಈ ಇಡೀ ಬರಹ ಅದೇ ಕ್ರಮದಲ್ಲಿದೆ.

ಯಾವ ತಿಂಗಳು, ಎಷ್ಟು ಹೊತ್ತಿಗೆ

ರಾಯಚೂರಿನ ಬಿಸಿಲು ಎಲ್ಲರಿಗೂ ಗೊತ್ತಿರುವುದೇ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಹಗಲೆಲ್ಲಾ ಕಾದ ಬಂಡೆ ಸಂಜೆ ಆರಕ್ಕೂ ಬಿಸಿ ಉಗುಳುತ್ತಿರುತ್ತದೆ. ಹೀಗಾಗಿ ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಬಂದರೂ ಚೆನ್ನ, ಬೆಟ್ಟ ಸ್ವಲ್ಪ ಹಸಿರಾಗಿರುತ್ತದೆ. ಆದರೆ ಮಳೆ ಬಿದ್ದ ದಿನ ಬಂಡೆ ಹತ್ತಬೇಡಿ, ಕಾಲು ಜಾರುತ್ತದೆ.

ಗಡಿಯಾರ ನೋಡಿ ಹೊರಡುವುದಕ್ಕಿಂತ ಸೂರ್ಯ ಮುಳುಗುವ ಹೊತ್ತು ನೋಡಿ ಹೊರಡಿ. ನವೆಂಬರ್ ಕೊನೆಯಲ್ಲಿ ಇಲ್ಲಿ ಪೌಣೆ ಆರರ ಸುಮಾರಿಗೆ ಹೊತ್ತು ಮುಳುಗುತ್ತದೆ. ಜೂನ್‌ನಲ್ಲಿ ಏಳಕ್ಕೆ ಹತ್ತು ನಿಮಿಷ ಇರುವವರೆಗೂ ಬೆಳಕಿರುತ್ತದೆ. ನಿಮ್ಮ ದಿನದ ಹೊತ್ತನ್ನು ಫೋನಿನಲ್ಲಿ ನೋಡಿಕೊಂಡು, ಅದಕ್ಕಿಂತ ಎರಡು ತಾಸು ಮುಂಚೆ ಆಟೋ ಹತ್ತಿ. ಬೆಳಕಿರುವಾಗ ಕಲ್ಲು, ಬಾಗಿಲು, ಬೆಟ್ಟ. ಕತ್ತಲಾದ ಮೇಲೆ ಮಿನಾರು, ಬಜಾರು, ತಿಂಡಿ. ಇಷ್ಟೇ ಲೆಕ್ಕ.

ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿನಲ್ಲಿ ಮಸೀದಿಗಳ ಸುತ್ತ ಜನ ಜಾಸ್ತಿ. ಸಂಜೆಗೆ ಅಷ್ಟು ತೊಂದರೆಯಿಲ್ಲ. ಹಬ್ಬದ ದಿನಗಳಲ್ಲಿ ಬಂದರೆ ಊರಿನ ಕಳೆಯೇ ಬೇರೆ, ಆದರೆ ಆಟೋ ಓಡಾಡುವುದು ಕಷ್ಟ.

ಗೈಡ್ ಯಾರು, ಆಟೋ ಹೇಗೆ

ಹಂಪಿಯಲ್ಲಿ ಇರುವ ಹಾಗೆ ಇಲ್ಲಿ ಗೇಟಿನ ಹತ್ತಿರ ಗೈಡ್‌ಗಳು ಸಾಲಾಗಿ ನಿಂತಿರುವುದಿಲ್ಲ. ನೀವೇ ಹುಡುಕಿಕೊಳ್ಳಬೇಕು, ಅದೂ ಬರುವ ಮೊದಲೇ. ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಗೆ ಒಂದು ಫೋನ್ ಮಾಡಿ ಕೇಳಿ. ಅದಕ್ಕಿಂತ ಒಳ್ಳೆಯ ದಾರಿ ಊರಿನ ಕಾಲೇಜುಗಳ ಇತಿಹಾಸ ವಿಭಾಗ. ಶಾಸನ ಓದಬಲ್ಲವರು, ಕೋಟೆಯ ಮೇಲೆ ಕೆಲಸ ಮಾಡಿದವರು ಅಲ್ಲಿ ಸಿಗುತ್ತಾರೆ. ನಿವೃತ್ತ ಮೇಷ್ಟ್ರುಗಳು ಸಿಕ್ಕರಂತೂ ಬಿಡಲೇಬೇಡಿ. ಅವರಿಗೆ ಕಲ್ಲಿನ ಕಥೆಯ ಜೊತೆಗೆ ಓಣಿಯ ಕಥೆಯೂ ಗೊತ್ತಿರುತ್ತದೆ.

ಗೈಡ್ ಗೊತ್ತು ಮಾಡುವಾಗ ಎರಡು ಪ್ರಶ್ನೆ ಕೇಳಿ. "ಗೋಡೆ ಮೇಲಿನ 1294ರ ಶಾಸನದ ಹತ್ತಿರ ಇರುವ ಚಿತ್ರ ತೋರಿಸ್ತೀರಾ?" ಅನ್ನುವುದು ಒಂದು. "ಬೆಟ್ಟದ ಮೇಲಿನ ಫಿರಂಗಿಯವರೆಗೆ ಕರ್ಕೊಂಡು ಹೋಗ್ತೀರಾ?" ಅನ್ನುವುದು ಇನ್ನೊಂದು. ಎರಡಕ್ಕೂ ತಡವರಿಸದೆ ಹೌದು ಅಂದವರನ್ನು ಕಣ್ಣು ಮುಚ್ಚಿ ಕರೆದುಕೊಂಡು ಹೋಗಬಹುದು. ಹಣದ ಮಾತು ಮೊದಲೇ ಆಗಲಿ. ಮೇಷ್ಟ್ರು ಬೇಡ ಅಂದರೂ ಕೈಗಿಟ್ಟು ಬನ್ನಿ. ಅವರ ಸಂಜೆ ಪುಕ್ಕಟೆ ಅಲ್ಲ.

ಆಟೋ ಬಸ್ ನಿಲ್ದಾಣದ ಹೊರಗೆ, ರೈಲ್ವೆ ಸ್ಟೇಷನ್ ಮುಂದೆ ಎರಡೂ ಕಡೆ ಸಿಗುತ್ತದೆ. "ಅಣ್ಣಾರ, ಕಿಲ್ಲಾ ಸುತ್ತಿ ತೋರಿಸಬೇಕ್ರಿ, ಮೂರು ತಾಸು ನಿಲ್ಲಬೇಕಾಗ್ತದ" ಅಂತ ಬಿಡಿಸಿ ಹೇಳಿ. "ಬರ್ರಿ ಸರ, ಕೂಡ್ರಿ" ಅಂದ ಕೂಡಲೇ ಹತ್ತಬೇಡಿ. ಜಾಗಗಳ ಹೆಸರು ಹೇಳಿ, ಕಾಯುವ ಹೊತ್ತೂ ಸೇರಿಸಿ ಒಟ್ಟು ಎಷ್ಟು ಅಂತ ಮಾತಾಡಿ. ಒಂದೊಂದು ನಿಲುಗಡೆಗೂ ಬೇರೆ ಬೇರೆ ರೇಟು ಅಂದರೆ ಕೊನೆಗೆ ಜಗಳವಾಗುತ್ತದೆ. ತಾಸಿನ ಲೆಕ್ಕವೇ ಇಬ್ಬರಿಗೂ ಸರಿ. ಕಾರಿನಲ್ಲಿ ಬಂದಿದ್ದರೂ ಅದನ್ನು ವಸತಿಯ ಹತ್ತಿರ ಬಿಟ್ಟು ಆಟೋ ಹಿಡಿಯಿರಿ. ಕೋಟೆಯೊಳಗಿನ ಓಣಿಗಳು ಕಾರಿಗೆ ತೀರಾ ಇಕ್ಕಟ್ಟು.

ಮೊದಲು ಪಶ್ಚಿಮದ ಗೋಡೆ, ಆ ಉದ್ದನೆಯ ಕಲ್ಲು

ಸವಾರಿ ಇಲ್ಲಿಂದಲೇ ಶುರುವಾಗಲಿ. ಬಸ್ ನಿಲ್ದಾಣದಿಂದ ದೂರವಿಲ್ಲ. ಇಲ್ಲಿ ಕನಿಷ್ಠ ಅರ್ಧ ತಾಸು ಕೊಡಿ, ಉಳಿದ ಕಡೆ ಕಡಿಮೆಯಾದರೂ ಪರವಾಗಿಲ್ಲ.

ಒಳಗೋಡೆಯ ಪಶ್ಚಿಮ ಭಾಗದಲ್ಲಿ ಒಂದೇ ಕಲ್ಲಿನ ಹಾಸುಬಂಡೆ ಇದೆ. ಉದ್ದ 41 ಅಡಿಗೂ ಜಾಸ್ತಿ. ಅದರ ಮೇಲೆ ತೆಲುಗಿನಲ್ಲಿ ಒಂದು ಶಾಸನ. ಕ್ರಿ.ಶ. 1294ರಲ್ಲಿ, ಕಾಕತೀಯರ ಕಾಲದಲ್ಲಿ, ವಿಠಲನಾಥ ಅನ್ನುವ ದಂಡನಾಯಕ ಈ ಕೋಟೆ ಕಟ್ಟಿಸಿದ ಅನ್ನುವುದು ಅದರ ಸಾರ. ಗೈಡ್‌ಗೆ ಅಕ್ಷರಗಳ ಮೇಲೆ ಬೆರಳು ಓಡಿಸಲು ಬಿಡಬೇಡಿ, ದೂರದಿಂದಲೇ ತೋರಿಸಲಿ. ಏಳು ಶತಮಾನ ಗಾಳಿ ಮಳೆಗೆ ಸವೆದದ್ದು ನಮ್ಮ ಕೈಯಿಂದ ಇನ್ನಷ್ಟು ಸವೆಯಬಾರದು.

ಶಾಸನ ನೋಡಿ ಮುಂದೆ ಹೋಗಿಬಿಡಬೇಡಿ. ನಿಜವಾದ ಬೆರಗು ಅಲ್ಲೇ ಗೋಡೆಯ ಮೇಲೆ ಗೀಚಿದ ಚಿತ್ರ. ಈ ಬಂಡೆಯನ್ನು ಇಲ್ಲಿಗೆ ಹೇಗೆ ತಂದರು ಅನ್ನುವುದನ್ನು ಕೆತ್ತಿದವರೇ ಚಿತ್ರ ಬಿಡಿಸಿ ಇಟ್ಟಿದ್ದಾರೆ. ಗಾಡಿಯ ಮೇಲೆ ಉದ್ದನೆಯ ಕಲ್ಲು. ಮುಂದೆ ಕೋಣಗಳ ಉದ್ದ ಸಾಲು. ಗಾಲಿಗಳ ಕೆಳಗೆ ಕೋಲು ಕೊಟ್ಟು ಮೀಟುತ್ತಿರುವ ಜನ, ಪಕ್ಕದಲ್ಲಿ ಕೋಣ ಹೊಡೆಯುವವರು. ರಾಜರ ಹೊಗಳಿಕೆ ಎಲ್ಲ ಶಾಸನದಲ್ಲೂ ಇರುತ್ತದೆ. ದುಡಿದವರ ಚಿತ್ರವನ್ನು ಅದೇ ಗೋಡೆಯ ಮೇಲೆ ಬಿಡಿಸಿದ್ದು ಎಷ್ಟು ಕಡೆ ಇದೆ?

ಗೆರೆಗಳು ತೆಳು. ನೇರ ಬಿಸಿಲಿನಲ್ಲಿ ಕಾಣುವುದೇ ಇಲ್ಲ. ಸಂಜೆಯ ಓರೆ ಬೆಳಕು ಬಿದ್ದಾಗ ಮೇಲೆದ್ದು ಕಾಣುತ್ತವೆ. ಮೋಡವಿದ್ದರೆ ಫೋನಿನ ಟಾರ್ಚ್ ಹಚ್ಚಿ. ಆದರೆ ಎದುರಿನಿಂದ ಹಿಡಿಯಬೇಡಿ. ಗೋಡೆಗೆ ಒಂದು ಗೇಣು ದೂರದಲ್ಲಿ, ಪಕ್ಕದಿಂದ, ಬೆಳಕು ಕಲ್ಲನ್ನು ಸವರಿಕೊಂಡು ಹೋಗುವ ಹಾಗೆ ಹಿಡಿಯಿರಿ. ಗೆರೆಯ ಒಂದು ಅಂಚಿನಲ್ಲಿ ನೆರಳು ಕೂಡುತ್ತದೆ. ಮೊದಲು ಗಾಲಿಯ ದುಂಡು, ಆಮೇಲೆ ಕೋಣದ ಕೋಡು, ಹೀಗೆ ಒಂದೊಂದೇ ಹೊರಬರುತ್ತದೆ. ಮಕ್ಕಳಿಗೆ ಟಾರ್ಚ್ ಕೊಟ್ಟು ಹುಡುಕಲು ಹೇಳಿ, ಅವರೇ ದೊಡ್ಡವರಿಗಿಂತ ಬೇಗ ಕಂಡುಹಿಡಿಯುತ್ತಾರೆ.

ಈ ಚಿತ್ರಕ್ಕೆ ಇಂದಿಗೂ ಜೀವ ಇರುವ ನಂಟೊಂದಿದೆ. ಕಾರಹುಣ್ಣಿಮೆಗೆ ರಾಯಚೂರಿನಲ್ಲಿ ಮುನ್ನೂರು ಕಾಪು ಸಮಾಜದವರು ಮುಂಗಾರು ಹಬ್ಬ ಮಾಡುತ್ತಾರೆ. ಗಂಜ್‌ನಲ್ಲಿ, ಅಂದರೆ ಕಾಳುಕಡಿಯ ಮಾರುಕಟ್ಟೆಯಲ್ಲಿ, ಎತ್ತುಗಳಿಂದ ಭಾರವಾದ ಕಲ್ಲು ಎಳೆಸುವ ಸ್ಪರ್ಧೆ ನಡೆಯುತ್ತದೆ. ಆ ಹೊತ್ತಿಗೆ ಬಂದವರು ಹಗಲು ಅದನ್ನು ನೋಡಿ, ಸಂಜೆ ಈ ಗೋಡೆಯ ಮುಂದೆ ನಿಲ್ಲಿ.

ಹೊರಡುವ ಮೊದಲು ಗೋಡೆಯನ್ನೊಮ್ಮೆ ಸರಿಯಾಗಿ ನೋಡಿ. ಒಳಗೋಡೆಯಲ್ಲಿ ದೊಡ್ಡ ದೊಡ್ಡ ಕಲ್ಲುಗಳನ್ನು ನಯವಾಗಿ ಕಡಿದು, ಗಾರೆ ಇಲ್ಲದೆ ಒಂದರ ಪಕ್ಕ ಒಂದು ಕೂಡಿಸಿದ್ದಾರೆ. ಇದು ಕಾಕತೀಯರ ಕಾಲದ ಕೆಲಸ. ಹೊರಗೋಡೆ ನೋಡಿದರೆ ಕಲ್ಲು ಒರಟು, ನಡುವೆ ಗಾರೆ. ಅದು ಬಹಮನಿ, ಆದಿಲ್‌ಶಾಹಿ ಕಾಲದ್ದು. ಈ ಒಂದು ವ್ಯತ್ಯಾಸ ಕಣ್ಣಿಗೆ ಕೂತರೆ ಮುಂದಿನ ಎರಡು ತಾಸು ಯಾವ ಗೋಡೆ ಯಾರದು ಅಂತ ನೀವೇ ಹೇಳುತ್ತೀರಿ.

ಬಾಗಿಲುಗಳು: ಎರಡು ಸಾಕು

ಹೊರಕೋಟೆಗೆ ಐದು ಬಾಗಿಲು. ಪಶ್ಚಿಮಕ್ಕೆ ಮೆಕ್ಕಾ ದರ್ವಾಜಾ, ಉತ್ತರಕ್ಕೆ ನವರಂಗಿ, ಪೂರ್ವಕ್ಕೆ ಕಾಟಿ, ದಕ್ಷಿಣಕ್ಕೆ ಖಂದಕ್, ನೈಋತ್ಯಕ್ಕೆ ದೊಡ್ಡಿ. ಒಳಕೋಟೆಗೆ ಎರಡು, ಪಶ್ಚಿಮದಲ್ಲಿ ಸೈಲಾನಿ, ಪೂರ್ವದಲ್ಲಿ ಸಿಕಂದರಿ. ಏಳನ್ನೂ ಒಂದೇ ಸಂಜೆ ನೋಡಲು ಹೋದರೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ. ಮೆಕ್ಕಾ ದರ್ವಾಜಾ ಮತ್ತು ನವರಂಗಿ, ಇವೆರಡರ ಮುಂದೆ ಇಳಿಯಿರಿ. ಉಳಿದವು ದಾರಿಯಲ್ಲಿ ಸಿಕ್ಕಾಗ ಆಟೋದಿಂದಲೇ ನೋಡಿ.

ಮೆಕ್ಕಾ ದರ್ವಾಜಾ 1470ರ ಸುಮಾರಿನದು, ಬಹಮನಿ ಮೂರನೇ ಮಹಮ್ಮದ್ ಶಾಹನ ಕಾಲ. ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಇಳಿಬಿಸಿಲು ನೇರ ಇದರ ಮೇಲೆ ಬೀಳುತ್ತದೆ. ಫೋಟೋ ಇಲ್ಲೇ ತೆಗೆಯಿರಿ. ಹೊರಗೆ ನಿಂತು, ಬಿಸಿಲನ್ನು ಬೆನ್ನಿಗೆ ಹಾಕಿಕೊಂಡು.

ನವರಂಗಿಯದು ಬೇರೆಯೇ ಬಗೆ. ಕಲ್ಲಿನ ಮೇಲೆ ಪುರಾಣದ ಕಥೆಗಳ ಶಿಲ್ಪಗಳು. ಹೊರಗೋಡೆಯ ಒರಟು ಕಟ್ಟಡ ನೋಡಿಕೊಂಡು ಬಂದ ಕಣ್ಣಿಗೆ ಇದು ತಟ್ಟನೆ ವಿಜಯನಗರದ ಕೈ ಅನ್ನಿಸುತ್ತದೆ. 1520ರಲ್ಲಿ ರಾಯಚೂರು ಗೆದ್ದ ಮೇಲೆ ಕೃಷ್ಣದೇವರಾಯ ಕಟ್ಟಿಸಿದ್ದು ಅಂತ ಹೇಳುತ್ತಾರೆ. ಒಳಗೆ ನೆರಳು ಬೇಗ ಕೂಡುತ್ತದೆ, ಆದ್ದರಿಂದ ಹೊತ್ತು ಮುಳುಗಲು ಒಂದು ತಾಸು ಇರುವಾಗಲೇ ಇಲ್ಲಿಗೆ ಬನ್ನಿ. ಶಿಲ್ಪಗಳನ್ನು ಒಂದು ಕಡೆಯಿಂದ ಸಾವಕಾಶ ನೋಡಿ. ಯಾವ ಕಥೆ ಅಂತ ಗೈಡ್ ಹೇಳುವ ಮೊದಲು ನೀವೇ ಗುರುತಿಸಲು ನೋಡಿ, ಅದರಲ್ಲೊಂದು ಖುಷಿ ಇದೆ.

ಇನ್ನೊಂದು ಮಾತು. ಕೋಟೆಯೊಳಗೆ ಜನ ವಾಸ ಇದ್ದಾರೆ. ಬಾಗಿಲ ಪಕ್ಕದಲ್ಲೇ ಮನೆ, ಅಂಗಡಿ, ಬಟ್ಟೆ ಒಣಹಾಕಿದ ಹಗ್ಗ. ಹೆಣ್ಣುಮಕ್ಕಳು ಕೂತ ಕಟ್ಟೆಯ ಕಡೆ ಕ್ಯಾಮೆರಾ ತಿರುಗಿಸುವ ಮೊದಲು "ಅವ್ವಾರ, ಒಂದು ಫೋಟೋ ತಗೊಳ್ಳಲೇನ್ರಿ?" ಅಂತ ಕೇಳಿ. ಬೇಡ ಅಂದರೆ ಬಿಡಿ.

ಬೆಟ್ಟ, ಹೊತ್ತು ಮುಳುಗುವ ಮುಂಚೆ

ಕೋಟೆಗೆ ಮೂರು ಕಡೆ ಗೋಡೆ ಮತ್ತು ಕಂದಕ. ದಕ್ಷಿಣಕ್ಕೆ ಬಂಡೆಯ ಗುಡ್ಡಗಳ ಸಾಲೇ ಗೋಡೆ. ನಡುವಿನ ಗುಡ್ಡದ ಮೇಲೆ ಬಾಲಾ ಹಿಸಾರ್, ಅಂದರೆ ಕೋಟೆಯ ಎತ್ತರದ ಠಾಣೆ. ನೆಲದಿಂದ ಸುಮಾರು 290 ಅಡಿ. ಕಾಲುನೋವು ಇಲ್ಲದವರು ಅರ್ಧ ತಾಸಿನೊಳಗೆ ಹತ್ತಬಹುದು. ಮಂಡಿ ನೋವಿನವರು, ತೀರಾ ಚಿಕ್ಕ ಮಕ್ಕಳು ಕೆಳಗೇ ಇರಲಿ. ಅವರ ಜೊತೆ ಒಬ್ಬರು ಉಳಿದು ಹತ್ತಿರದಲ್ಲೇ ಚಹಾ ಕುಡಿಯುತ್ತಾ ಕೂತಿರಬಹುದು.

ಹೊತ್ತು ಮುಳುಗಲು ಮುಕ್ಕಾಲು ತಾಸು ಇರುವಾಗ ಹತ್ತಲು ಶುರು ಮಾಡಿ. ಕಾಲಿಗೆ ಚಪ್ಪಲಿ ಬೇಡ, ಹಿಡಿತ ಇರುವ ಬೂಟು ಹಾಕಿಕೊಳ್ಳಿ. ನೀರು ಕೈಯಲ್ಲಿರಲಿ. ಕೋತಿಗಳಿಗೆ ಕಾಣುವ ಹಾಗೆ ತಿಂಡಿಯ ಚೀಲ ಹಿಡಿಯಬೇಡಿ.

ಮೇಲೆ ಹಳೆಯ ದರ್ಬಾರು ಕಟ್ಟಡ ಇದೆ. ಐದು ಮಂದಿ ಸಂತ ಹೆಣ್ಣುಮಕ್ಕಳ ಹೆಸರಿನ ಪಂಚ್ ಬೀಬಿ ದರ್ಗಾ ಇದೆ. ಹತ್ತಿರ ಹೋಗುವವರು ಪಾದರಕ್ಷೆ ಕಳಚಿ ಹೋಗಿ. ಆಮೇಲೆ ಆ ಫಿರಂಗಿ. ಉದ್ದ 20 ಅಡಿಯಷ್ಟು. ಇದನ್ನು ಇಷ್ಟು ಎತ್ತರಕ್ಕೆ ಹೇಗೆ ಏರಿಸಿದರು ಅನ್ನುವ ಪ್ರಶ್ನೆ ಯಾರಿಗಾದರೂ ಬರುತ್ತದೆ. ಅದರ ಮೇಲೆ ಹತ್ತಿ ಕೂತು ಫೋಟೋ ತೆಗೆಸಿಕೊಳ್ಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮೇಲೆ ನಿಂತಾಗ ಗೈಡ್‌ಗೆ ಊರಿನ ನಕ್ಷೆ ಕೈಯಲ್ಲಿ ತೋರಿಸಲು ಹೇಳಿ. ಉತ್ತರಕ್ಕೆ ದೂರದಲ್ಲಿ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ನದಿಗಳ ನಡುವಿನ ಈ ಎರೆಭೂಮಿಗಾಗಿ ವಿಜಯನಗರದವರೂ ಬಹಮನಿಗಳೂ ತಲೆಮಾರುಗಟ್ಟಲೆ ಬಡಿದಾಡಿದರು. ದೋಆಬ್ ಅಂತ ಓದಿರುತ್ತೀರಿ, ಅಲ್ವಾ? ಅದು ಕಣ್ಣ ಮುಂದೆ ಹರಡಿರುತ್ತದೆ. ಹಾಗೆಯೇ ರೈಲು ಹಳಿ. ಮುಂಬೈ ಕಡೆಯಿಂದ ಬಂದ ಹಳಿಯೂ ಮದ್ರಾಸ್ ಕಡೆಯಿಂದ ಬಂದ ಹಳಿಯೂ 1871ರಲ್ಲಿ ಕೂಡಿದ್ದು ಇದೇ ರಾಯಚೂರಿನಲ್ಲಿ. ಕೋಟೆಯಿಂದ ದೊಡ್ಡದಾದ ಊರು ಆಮೇಲೆ ಹತ್ತಿ, ಕಾಳುಕಡಿಯ ವ್ಯಾಪಾರದಿಂದ ಬೆಳೆದದ್ದು ಹೇಗೆ ಅನ್ನುವುದು ಇಲ್ಲಿಂದ ನೋಡಿದರೆ ತಿಳಿಯುತ್ತದೆ.

ಕೆಂಪು ಸೂರ್ಯ ಬಂಡೆಗೆ ತಾಗಿದ ಕೂಡಲೇ ಇಳಿಯಲು ಶುರು ಮಾಡಿ. ಪೂರ್ತಿ ಮುಳುಗುವವರೆಗೆ ಕಾಯಬೇಡಿ. ಕತ್ತಲಲ್ಲಿ ಬಂಡೆ ಇಳಿಯುವುದು ಸುಲಭವಲ್ಲ, ಹುಳಹುಪ್ಪಟೆಯೂ ಇರುತ್ತದೆ. ಗೈಡ್ ಇಲ್ಲದೆ ಒಬ್ಬರೇ ಹತ್ತುವುದಂತೂ ಬೇಡವೇ ಬೇಡ.

ಪೂರ್ವದ ಗೋಡೆ: 1520ರ ಕಥೆ ಕೇಳುವ ಜಾಗ

ಇಳಿದ ಮೇಲೆ ಆಟೋವನ್ನು ಕಾಟಿ ದರ್ವಾಜಾದ ಕಡೆ ತಿರುಗಿಸಿ. ಇಲ್ಲಿ ನೋಡುವುದಕ್ಕಿಂತ ಕೇಳುವುದು ಜಾಸ್ತಿ. ಮುಸ್ಸಂಜೆಗೆ ಅದೇ ಸರಿ.

1520ರಲ್ಲಿ ಕೃಷ್ಣದೇವರಾಯ ಈ ಕೋಟೆಗೆ ಮುತ್ತಿಗೆ ಹಾಕಿದ. ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ ನೆರವಿಗೆ ಬಂದು, ಕೃಷ್ಣಾ ದಾಟಿ, ಸೋತು ಓಡಿದ. ಆಮೇಲೆ ರಾಯ ಮತ್ತೆ ಕೋಟೆಯ ಕಡೆ ತಿರುಗಿದ. ಈ ಯುದ್ಧದ ಬಗ್ಗೆ ನಮಗೆ ಇಷ್ಟು ವಿವರ ಗೊತ್ತಿರುವುದು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ ಬರೆದಿಟ್ಟದ್ದರಿಂದ. ಅವನ ಪ್ರಕಾರ ರಾಯನ ಬಿಡಾರ ಕೋಟೆಯ ಪೂರ್ವಕ್ಕಿತ್ತು.

ಅವನು ಬರೆದ ಒಂದು ಸಂಗತಿಯನ್ನು ಗೋಡೆ ನೋಡುತ್ತಾ ಕೇಳಬೇಕು. ಮುತ್ತಿಗೆ ಹಾಕಿದ ಸೈನಿಕರು ಗುದ್ದಲಿ ಹಾರೆ ಹಿಡಿದು ಗೋಡೆಯ ಕಲ್ಲು ಕೀಳುತ್ತಿದ್ದರು. ಮೇಲಿನಿಂದ ಕಲ್ಲು, ಬಾಣ, ಗುಂಡಿನ ಮಳೆ. ಯಾರು ಮುಂದೆ ಹೋಗುತ್ತಾರೆ? ನಾಯಕರು ಕಿತ್ತು ತಂದ ಕಲ್ಲಿಗೆ ದುಡ್ಡು ಕೊಡಲು ಶುರು ಮಾಡಿದರು. ಕಲ್ಲಿನ ಗಾತ್ರ ನೋಡಿ 10, 20, 30, 40, 50 ಪಣ. ಹಣದಾಸೆಗೆ ಜನ ಸಾವಿನ ಬಾಯಿಗೆ ನುಗ್ಗಿದರು.

ಆಮೇಲೆ ಬಂದವನು ಕ್ರಿಸ್ಟೋವಾವ್ ದಿ ಫಿಗೆರೆಡೊ, ಕುದುರೆ ಮಾರಲು ಬಂದಿದ್ದ ಪೋರ್ಚುಗೀಸ. ಅವನ ಜೊತೆಗಾರರ ಬಂದೂಕುಗಳಿಗೆ ಗೋಡೆಯ ಮೇಲೆ ತಲೆ ಎತ್ತಿದವರು ಗುರಿಯಾದರು. ಕೆಳಗೆ ಕಲ್ಲು ಕೀಳುವವರಿಗೆ ಉಸಿರು ಬಂತು. ಕೊನೆಗೆ ಕೋಟೆಯ ಅಧಿಕಾರಿ, ಗುಂಡು ಎಲ್ಲಿಂದ ಬರುತ್ತಿದೆ ಅಂತ ಬಗ್ಗಿ ನೋಡಿದ. ಹಣೆಗೆ ಗುಂಡು ಬಿತ್ತು. ಅದಾದ ಮೇಲೆ ಊರು ಶರಣಾಯಿತು. ದಕ್ಷಿಣ ಭಾರತದ ಯುದ್ಧಗಳಲ್ಲಿ ಬಂದೂಕು ಹೀಗೆ ನಿರ್ಣಾಯಕವಾದ ಮೊದಮೊದಲ ಪ್ರಸಂಗಗಳಲ್ಲಿ ಇದೂ ಒಂದು. 1565ರ ತಾಳಿಕೋಟೆ ಯುದ್ಧದ ನಂತರ ಕೋಟೆ ಮತ್ತೆ ಬಿಜಾಪುರದವರ ಕೈ ಸೇರಿತು.

ಒಳ್ಳೆಯ ಗೈಡ್ ಇದನ್ನು ಗೆದ್ದವರು, ಸೋತವರು ಅಂತ ಎರಡು ಪಂಗಡ ಮಾಡಿ ಹೇಳುವುದಿಲ್ಲ. ಎರಡೂ ಸೈನ್ಯದಲ್ಲಿ ಎರಡೂ ಧರ್ಮದವರಿದ್ದರು. ಜಗಳ ನೆಲಕ್ಕಾಗಿ, ಕಂದಾಯಕ್ಕಾಗಿ. ಹಾಗೆ ಹೇಳುವವರ ಬಾಯಲ್ಲಿ ಈ ಕಥೆ ಕೇಳಿ.

ಏಕ್ ಮಿನಾರ್, ನಮಾಜು ಮುಗಿದ ಮೇಲೆ

ಮಗ್ರಿಬ್ ನಮಾಜು ಹೊತ್ತು ಮುಳುಗಿದ ಕೂಡಲೇ. ಆ ಹೊತ್ತಿಗೆ ಮಸೀದಿಯ ಮುಂದೆ ಹೋಗಿ ನಿಂತರೆ ಬರುವವರಿಗೆ ಅಡ್ಡಿ. ಅರ್ಧ ತಾಸು ಬಿಟ್ಟು ಹೋಗಿ. ಅಷ್ಟರಲ್ಲಿ ಜನ ಚದುರಿರುತ್ತಾರೆ, ಮಾತಾಡಲು ಪುರುಸೊತ್ತಿರುತ್ತದೆ. "ಭಾಯಿ, ಒಳಗ ನೋಡಬಹುದೇನ್ರಿ?" ಅಂತ ಕೇಳಿ. ಹೌದು ಅಂದರೆ ಚಪ್ಪಲಿ ಬಿಟ್ಟು ಅಂಗಳಕ್ಕೆ ಹೋಗಿ. ತಲೆ, ಭುಜ ಮುಚ್ಚುವ ಬಟ್ಟೆ ಇರಲಿ. ಇಲ್ಲ ಅಂದರೂ ಬೇಸರವಿಲ್ಲ, ಮಿನಾರು ಹೊರಗಿನಿಂದಲೇ ಚೆನ್ನಾಗಿ ಕಾಣುತ್ತದೆ.

1513ರಲ್ಲಿ, ಬಹಮನಿ ಮಹಮೂದ್ ಶಾಹನ ಕಾಲದಲ್ಲಿ ಕಟ್ಟಿದ್ದು. ಮಸೀದಿಗೆ ಒಂದೇ ಮಿನಾರು, ಹೆಸರೂ ಅದರಿಂದಲೇ. ಎತ್ತರ 65 ಅಡಿ, ಎರಡು ಅಂತಸ್ತು, ಸುತ್ತ ಚಾಚಿದ ಮೊಗಸಾಲೆ. ದುಂಡಗೆ, ಮೇಲೆ ಹೋದ ಹಾಗೆ ಕಿರಿದಾಗುತ್ತಾ ಹೋಗುತ್ತದೆ. ದೌಲತಾಬಾದಿನ ಚಾಂದ್ ಮಿನಾರ್, ಬೀದರಿನ ಮಹಮೂದ್ ಗವಾನ್ ಮದರಸಾದ ಮಿನಾರು ನೋಡಿದವರಿಗೆ ಇದು ಅದೇ ಕುಟುಂಬದ್ದು ಅಂತ ಕೂಡಲೇ ಗೊತ್ತಾಗುತ್ತದೆ. ಪರ್ಷಿಯಾದಿಂದ ಬಂದ ಮಾದರಿ.

ಬಜಾರು ಮತ್ತು ತಿಂಡಿ

ಇಲ್ಲಿಂದ ಆಟೋ ಬಿಟ್ಟು ನಡೆಯಿರಿ. ತೀನ್ ಕಂದೀಲ್ ಸರ್ಕಲ್ ಕಡೆ ಕಾಲು ಹಾಕಿದರೆ ಊರಿನ ಹಳೆಯ ಪೇಟೆ. ಒಂದು ಅಂಗಡಿಯಲ್ಲಿ ಕನ್ನಡ, ಪಕ್ಕದಲ್ಲಿ ತೆಲುಗು, ಮುಂದೆ ದಖನಿ ಉರ್ದು. ಒಬ್ಬರೇ ಮೂರನ್ನೂ ಒಂದೇ ಉಸಿರಿಗೆ ಆಡುವುದೂ ಉಂಟು. 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದು, 1956ರಲ್ಲಿ ಕನ್ನಡ ನಾಡಿಗೆ ಸೇರಿದ ಊರಿನ ಬಾಯಿ ಇದು.

ಈ ಕಡೆ ಬಂದು ಮಂಡಾಳ ಒಗ್ಗರಣಿ, ಮಿರ್ಚಿ ತಿನ್ನದೆ ಹೋಗಬೇಡಿ. ನೆನೆಸಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆ, ಮೇಲೆ ಪುಟಾಣಿ ಹಿಟ್ಟು, ಹಿಂಡಿದ ನಿಂಬೆ. ಪಕ್ಕಕ್ಕೆ ಬಾಣಲೆಯಿಂದ ಆಗಷ್ಟೇ ತೆಗೆದ ಮಿರ್ಚಿ. ಜನ ಜಾಸ್ತಿ ನಿಂತ ಬಂಡಿಯ ಹತ್ತಿರವೇ ಹೋಗಿ, ಅಲ್ಲಿ ಎಣ್ಣೆಯಲ್ಲಿ ಮಿರ್ಚಿ ಬೇಯುತ್ತಲೇ ಇರುತ್ತದೆ. ಖಾರ ತಡೆಯದವರು ಮಿರ್ಚಿಯ ಬೀಜ ತೆಗೆದು ತಿನ್ನಿ. ರಾತ್ರಿ ಊಟಕ್ಕೆ ಖಾನಾವಳಿ ಹುಡುಕಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಗೈಡ್ ಮತ್ತು ಆಟೋ ಅಣ್ಣನನ್ನೂ ಊಟಕ್ಕೆ ಕರೆಯಿರಿ. ಆಟೋದಲ್ಲಿ ಕೇಳಲು ಆಗದೇ ಇದ್ದ ಎಷ್ಟೋ ಮಾತು ತಾಟಿನ ಮುಂದೆ ಬರುತ್ತದೆ.

ರಾತ್ರಿ ಉಳಿದರೆ

ಬೆಳಗ್ಗೆ ಬಿಸಿಲೇರುವ ಮೊದಲು ಅದೇ ಆಟೋ ಹೇಳಿಟ್ಟುಕೊಂಡು ಊರಾಚೆ ಮಲಿಯಾಬಾದ್ ಕೋಟೆಗೆ ಹೋಗಿ. ರಾಯಚೂರಿನ ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್. ಹಾಳುಬಿದ್ದ ಗೋಡೆಗಳ ನಡುವೆ ಕಲ್ಲಿನಲ್ಲಿ ಕಡೆದ, ನಿಜ ಆನೆಯಷ್ಟೇ ದೊಡ್ಡ ಎರಡು ಆನೆಗಳಿವೆ. ಅಲ್ಲಿ ಅಂಗಡಿಗಳನ್ನು ನಂಬಿಕೊಳ್ಳಬೇಡಿ, ನೀರು, ನಾಷ್ಟಾ ಇಲ್ಲಿಂದಲೇ ಕಟ್ಟಿಕೊಳ್ಳಿ. ಒಂಬತ್ತರೊಳಗೆ ತಿರುಗಿ ಬಂದರೆ ಮಂತ್ರಾಲಯದ ಬಸ್ ಹಿಡಿಯಲು ಸಾಕಷ್ಟು ಹೊತ್ತಿರುತ್ತದೆ.